ಚಹಾ ತೋಟದ ಓಟು: ತೊಂಡಮಾನ್ ಬದುಕಿನಿಂದ ನಾವು ಕೇಳಬೇಕಾದ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಇವತ್ತು ನಾವು ಮಾತಾಡೋಕೆ ಹೊರಟಿರೋದು ಸೌಮ್ಯಮೂರ್ತಿ ತೊಂಡಮಾನ್ ಎಂಬುವರ ಬಗ್ಗೆ. ತಮಿಳುನಾಡಿನಲ್ಲಿ ಹುಟ್ಟಿ, ಹನ್ನೊಂದನೇ ವಯಸ್ಸಿಗೆ ಸಮುದ್ರ ದಾಟಿ ಸಿಲೋನಿಗೆ ಹೋದವರು. ಅಲ್ಲಿನ ಚಹಾ ತೋಟದ ಕೂಲಿಗಳ ನಾಯಕರಾಗಿ, ಆ ದೇಶದ ಮಂತ್ರಿಯಾಗಿ, ಮಂತ್ರಿಯಾಗಿದ್ದಾಗಲೇ 1999ರಲ್ಲಿ ತೀರಿಕೊಂಡವರು.

ಆ ದ್ವೀಪದ ಮಾತು ನಮಗ್ಯಾಕೆ ಅಂತ ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳೋದು ಸರಿಯೇ. ನಮ್ಮ ಉತ್ತರ ಇಷ್ಟು. ಆ ತೋಟಗಳಲ್ಲಿ ಎಲೆ ಕಿತ್ತವರಲ್ಲಿ ಹೆಚ್ಚಿನವರು ಪರೈಯರು, ಪಳ್ಳರು, ಚಕ್ಕಿಲಿಯರು. ಅಂದರೆ ನಮ್ಮವರೇ. ಅವರ ಕೈಗೆ ಒಮ್ಮೆ ಓಟು ಬಂತು. ಅದನ್ನು ಅವರು ನೆಟ್ಟಗೆ ಚಲಾಯಿಸಿದರು. ಚಲಾಯಿಸಿದ ಎರಡೇ ವರ್ಷದಲ್ಲಿ ಕಾನೂನಿನ ಮೂಲಕ ಅದನ್ನು ಕಿತ್ತುಕೊಂಡರು. ಮತ್ತೆ ಅದು ಪೂರ್ತಿಯಾಗಿ ಕೈಗೆ ಬರೋಕೆ ನಲವತ್ತು ವರ್ಷ ಹಿಡೀತು. ಆ ನಲವತ್ತು ವರ್ಷದ ಕತೆಯೇ ತೊಂಡಮಾನರ ರಾಜಕೀಯದ ಕತೆ. ಅದರಲ್ಲಿ ಗಳಿಸಿದ್ದೂ ಇದೆ, ಬಾಕಿ ಉಳಿದದ್ದೂ ಇದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡೋಣ.

ಹೋದವರು ಹೇಗೆ ಹೋದರು

ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಮೊದಲು ಹಾಕಿದ್ದು ಕಾಫಿ. 1820-30ರ ದಶಕಗಳಿಂದಲೇ ಆ ತೋಟಗಳಿಗೆ ತಮಿಳು ಜಿಲ್ಲೆಗಳ ಬಡವರು ಹೋಗತೊಡಗಿದರು. ಬರ ಬಂದಾಗ, ಸಾಲ ಕತ್ತಿಗೆ ಬಂದಾಗ, ಊರಿನ ಗೌಡರ ಕಾಟ ತಾಳಲಾರದಾದಾಗ ಹೊರಟರು. ಮನ್ನಾರಿನಲ್ಲಿ ದೋಣಿ ಇಳಿದು ಕಾಡು ದಾರಿಯಲ್ಲಿ ಬೆಟ್ಟದ ತನಕ ನಡೆದರು. ಕಾಲರಾ, ಜ್ವರಕ್ಕೆ ಸಿಕ್ಕಿ ದಾರಿಯಲ್ಲೇ ಸತ್ತವರು ಬಹಳ. 1869ರಲ್ಲಿ ಕಾಫಿ ಎಲೆಗೆ ತುಕ್ಕುರೋಗ ಬಿತ್ತು. ಕೆಲವೇ ವರ್ಷದಲ್ಲಿ ಕಾಫಿ ಹೋಗಿ ಚಹಾ ಬಂತು. ಜೇಮ್ಸ್ ಟೇಲರ್ ಅನ್ನೋ ತೋಟಗಾರ 1867ರಲ್ಲೇ ಲೂಲೆಕಂದೆರದಲ್ಲಿ ಚಹಾ ಹಾಕಿದ್ದ. ಕಾಫಿಗೆ ವರ್ಷದಲ್ಲಿ ಒಂದು ಹಂಗಾಮು ಕೆಲಸ, ಚಹಾಕ್ಕೆ ವರ್ಷವಿಡೀ. ಹಾಗಾಗಿ ಹೋಗಿ ಬರುತ್ತಿದ್ದ ಜನ ಅಲ್ಲೇ ಉಳಿದರು. ಅಲ್ಲೇ ಮಕ್ಕಳಾದವು. ಅಲ್ಲೇ ಗುಂಡಿ ತೋಡಿಸಿಕೊಂಡು ಮಣ್ಣಾದರು.

ಅವರನ್ನು ಕರೆದುಕೊಂಡು ಹೋಗುತ್ತಿದ್ದವನು ಕಂಗಾಣಿ. ನಮ್ಮ ಕೊಡಗು, ಚಿಕ್ಕಮಗಳೂರು ಕಡೆ ತೋಟಗಳಲ್ಲಿ ಮೇಸ್ತ್ರಿ ಅಂತೀವಲ್ಲ, ಸುಮಾರು ಅದೇ. ತನ್ನ ಊರಿಗೆ ಬಂದು ಮುಂಗಡ ಕೊಟ್ಟು ಆಳು ಹಿಡಿದು ತರುವವನು ಅವನೇ. ಕೆಲಸ ಮಾಡಿಸುವವನು ಅವನೇ. ತಲೆಗಿಷ್ಟು ಅಂತ ದೊರೆಯಿಂದ ಕಾಸು ತಗೊಳ್ಳುವವನೂ ಅವನೇ. ಮುಂಗಡ ತೀರುತ್ತಿರಲಿಲ್ಲ. ತುಂಡು ಅಂತ ಒಂದು ಚೀಟಿ ಇತ್ತು. ಇಷ್ಟು ಸಾಲ ಕೊಟ್ಟರೆ ಈ ಆಳನ್ನು ಬಿಡುತ್ತೇವೆ ಅಂತ ಅದರಲ್ಲಿ ಬರೆದಿರೋದು. ಆ ತುಂಡು ಇಲ್ಲದೆ ಬೇರೆ ತೋಟದಲ್ಲಿ ಕೆಲಸ ಸಿಗೋ ಹಾಗಿಲ್ಲ. ಆಳು ಮತ್ತು ಆಳಿನ ಸಾಲ ಎರಡೂ ಒಟ್ಟಿಗೆ ಕೈ ಬದಲಾಗುತ್ತಿದ್ದವು. ಜೀತ ಅಂದರೆ ಏನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಈ ತುಂಡು ಪದ್ಧತಿ ರದ್ದಾಗಿದ್ದು 1921ರಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಹಿರಿಯ ಕಂಗಾಣಿಗಳು ಸಾಮಾನ್ಯವಾಗಿ ಊರಲ್ಲೂ ಜಮೀನು, ಜಾತಿ ಎರಡೂ ಇದ್ದ ಮನೆಯವರು. ಕೂಲಿಗಳು ಕೇರಿಯವರು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅಂತ ಪುರೋಹಿತರು ಹೇಳುತ್ತಿದ್ದರು. ಆದರೆ ಜಾತಿ ಕೆಡಲಿಲ್ಲ, ಅದೂ ದೋಣಿ ಹತ್ತಿತು. ಲೈನು ಮನೆಗಳನ್ನು ಹಂಚುವಾಗಲೂ ಜಾತಿ ನೋಡಿಯೇ ಹಂಚಿದರು. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆ, ಮುಂದೆ ಒಂದು ಸಣ್ಣ ಜಗಲಿ, ಅದರಲ್ಲೇ ಇಡೀ ಸಂಸಾರ. ಆ ಹತ್ತಡಿ ಯಾವ ಸಾಲಿನಲ್ಲಿ ಸಿಗಬೇಕು ಅನ್ನೋದಕ್ಕೂ ಕುಲ ಕೇಳಿದರು.

ಕಂಗಾಣಿಯ ಮಗ

ತೊಂಡಮಾನ್ ಹುಟ್ಟಿದ್ದು 1913ರ ಆಗಸ್ಟ್ 30ರಂದು, ಪುದುಕೋಟೆ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪ ಕರುಪ್ಪಯ್ಯ ಚಿಕ್ಕವರಿದ್ದಾಗಲೇ ಸಿಲೋನಿಗೆ ಹೋಗಿ, ಕೆಲಸ ಮಾಡಿ, ಹಿರಿಯ ಕಂಗಾಣಿಯಾಗಿ, ಕಡೆಗೆ ರಂಬೊಡೆ ಹತ್ತಿರ ವೇವೆಂಡನ್ ಅನ್ನೋ ಚಹಾ ತೋಟವನ್ನೇ ಕೊಂಡರು. ಬಿಳಿಯರ ತೋಟಗಳ ನಡುವೆ ಕಪ್ಪು ಮನುಷ್ಯನ ತೋಟ. ಮಗ 1924ರಲ್ಲಿ ಅಪ್ಪನ ಹತ್ತಿರ ಹೋದರು. ಗಂಪೊಲದ ಸಂತ ಆಂಡ್ರೂಸ್ ಶಾಲೆಯಲ್ಲಿ ಓದಿದರು. ಮುಂದೆ ತೋಟದ ಒಡೆತನ ನೋಡಿಕೊಂಡರು.

ಹೀಗೆ, ಕೂಲಿಗಳ ನಾಯಕ ಕೂಲಿಯ ಮನೆಯಿಂದ ಬಂದವರಲ್ಲ. ಇದನ್ನು ಮುಚ್ಚಿಟ್ಟು ಜೀವನಚರಿತ್ರೆ ಹೇಳಿದರೆ ಅದು ಭಜನೆ ಆಗುತ್ತೆ. ಇದೊಂದನ್ನೇ ಹೇಳಿ ಅವರನ್ನು ತಳ್ಳಿಹಾಕಿದರೂ ಅನ್ಯಾಯ. ಯಾಕಂದರೆ ತೋಟದ ಒಡೆಯ ತನ್ನ ಬಂಗಲೆಯಲ್ಲಿ ಆರಾಮಾಗಿ ಇರಬಹುದಿತ್ತು. ತೊಂಡಮಾನ್ ಹಾಗಿರಲಿಲ್ಲ.

1939ರ ಜುಲೈನಲ್ಲಿ ನೆಹರೂ ಸಿಲೋನಿಗೆ ಹೋದರು. ಅಲ್ಲಿ ಚದುರಿಹೋಗಿದ್ದ ಭಾರತೀಯ ಸಂಘಗಳೆಲ್ಲ ಸೇರಿ ಸಿಲೋನ್ ಇಂಡಿಯನ್ ಕಾಂಗ್ರೆಸ್ ಆಯಿತು. ತೊಂಡಮಾನ್ ಗಂಪೊಲದ ಶಾಖೆಯಿಂದ ರಾಜಕೀಯಕ್ಕೆ ಇಳಿದರು. ಮರುವರ್ಷ ಅದರದೇ ಕಾರ್ಮಿಕ ಸಂಘ ಹುಟ್ಟಿತು. ಆ ವರ್ಷ 1940ರ ಜನವರಿಯಲ್ಲೇ ಮುಲ್ ಓಯ ತೋಟದಲ್ಲಿ ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಗೋವಿಂದನ್ ಎಂಬ ಕೂಲಿಯಾಳು ಸತ್ತ. ಆ ಮುಷ್ಕರ ಎಡಪಂಥೀಯರ ಸಂಘದ್ದು. ತೋಟದೊಳಗೆ ಹೊರಗಿನವರು ಕಾಲಿಡೋದೇ ಅತಿಕ್ರಮ ಅಂತಿದ್ದ ಕಾಲ ಅದು. ದೊರೆಯ ಮುಂದೆ ರುಮಾಲು ಬಿಚ್ಚಿ ನಿಲ್ಲಬೇಕಾದ ಕಾಲ. ಅಂಥ ಜಾಗದಲ್ಲಿ ಲೈನು ಲೈನಿಗೆ ಸಂಘ ಕಟ್ಟಿದರು. ಆ ಸಂಘವೇ ಮುಂದೆ ಸಿಲೋನ್ ವರ್ಕರ್ಸ್ ಕಾಂಗ್ರೆಸ್ ಆಯಿತು.

ಏಳು ಸೀಟಿನ ಭಯ

1947ರಲ್ಲಿ ಸಿಲೋನಿನಲ್ಲಿ ಪಾರ್ಲಿಮೆಂಟಿನ ಚುನಾವಣೆ ನಡೆಯಿತು. ತೋಟದ ಕೂಲಿಗಳು ಸಾಲು ನಿಂತು ಓಟು ಹಾಕಿದರು. ಸಿಲೋನ್ ಇಂಡಿಯನ್ ಕಾಂಗ್ರೆಸ್ಸಿನ ಏಳು ಜನ ಗೆದ್ದರು. ನುವರ ಎಲಿಯಾದಿಂದ ತೊಂಡಮಾನ್ ಗೆದ್ದರು. ಇನ್ನೂ ಹಲವು ಕಡೆ ತೋಟದವರ ಓಟಿನಿಂದ ಎಡಪಕ್ಷದವರು ಗೆದ್ದರು. ಚುನಾಯಿತ ಸೀಟು ಒಟ್ಟು 95. ಡಿ.ಎಸ್. ಸೇನಾನಾಯಕೆ ಅವರ ಯುಎನ್‌ಪಿಗೆ ಬಂದದ್ದು 42. ಬಹುಮತವಿಲ್ಲ.

ಆಳುವವರಿಗೆ ಲೆಕ್ಕ ಅರ್ಥವಾಯಿತು. ಎಲೆ ಕೀಳೋ ಕೈಗೆ ಓಟು ಇದ್ದರೆ ಅದು ಎಡಗಡೆಗೆ ಹೋಗುತ್ತೆ. ಬೆಟ್ಟದ ಸಿಂಹಳ ರೈತರಿಗೆ ಅವರ ಭೂಮಿ ಹೋದದ್ದು ತೋಟದ ಕಂಪನಿಗಳಿಂದ. ಆದರೆ ಅವರಿಗೆ ತೋರಿಸಿದ್ದು ಕೂಲಿಗಳನ್ನ. ಭೂಮಿ ನುಂಗಿದವನ ಬಂಗಲೆ ಬಿಟ್ಟು, ಅವನ ಆಳಿನ ಲೈನು ಮನೆ ಕಡೆ ಬೆರಳು ತೋರಿಸೋದು. ಈ ಆಟ ನಮಗೇನು ಹೊಸದಲ್ಲ.

1948ರ ಫೆಬ್ರವರಿ 4ಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷ 18ನೇ ನಂಬರಿನ ಕಾಯಿದೆ ಬಂತು, ಸಿಲೋನ್ ಪೌರತ್ವ ಕಾಯಿದೆ. ಸಿಲೋನಿನಲ್ಲಿ ಹುಟ್ಟಿದರೆ ಸಾಲದು. ಅಪ್ಪನೂ ಅಲ್ಲೇ ಹುಟ್ಟಿದ ಅಂತ, ಇಲ್ಲವೇ ಅಜ್ಜ, ಮುತ್ತಜ್ಜ ಇಬ್ಬರೂ ಅಲ್ಲೇ ಹುಟ್ಟಿದರು ಅಂತ ತೋರಿಸಬೇಕು. ಲೈನು ಮನೆಯಲ್ಲಿ ಹೆತ್ತ ತಾಯಿ ಯಾವ ಕಚೇರಿಗೆ ಹೋಗಿ ಹೆರಿಗೆ ಬರೆಸಿದ್ದಳು? 1949ರಲ್ಲಿ ಇನ್ನೆರಡು ಕಾಯಿದೆ ಬಂದವು. ಒಂದು, ಅರ್ಜಿ ಹಾಕಿ ಪೌರತ್ವ ಬೇಡುವ ಕಾಯಿದೆ. ಮದುವೆಯಾದವರು ಏಳು ವರ್ಷ, ಆಗದವರು ಹತ್ತು ವರ್ಷ ನಿರಂತರ ಅಲ್ಲೇ ವಾಸ ಇದ್ದದ್ದಕ್ಕೆ ದಾಖಲೆ ಕೊಡಬೇಕು, ವರಮಾನ ತೋರಿಸಬೇಕು. ಇನ್ನೊಂದು, ಪೌರರಲ್ಲದವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯುವ ಕಾಯಿದೆ. ಸುಮಾರು ಏಳು ಲಕ್ಷ ಜನ ದೇಶವಿಲ್ಲದವರಾದರು. ನಿಂತಲ್ಲೇ ನಿಂತಿದ್ದರು. ಕಾಲ ಕೆಳಗಿನ ದೇಶ ಮಾತ್ರ ಹೋಗಿತ್ತು.

ಉತ್ತರದ ತಮಿಳರೆಲ್ಲ ಇವರ ಜೊತೆ ನಿಂತರಾ? ಇಲ್ಲ. ಜಾಫ್ನಾದ ದೊಡ್ಡ ನಾಯಕ ಪೊನ್ನಂಬಲಂ ಸೇನಾನಾಯಕೆ ಸರಕಾರದಲ್ಲಿ ಮಂತ್ರಿಯಾದರು. ಇದನ್ನು ಸಹಿಸದೆ ಚೆಲ್ವನಾಯಕಂ ಹೊರಬಂದು 1949ರಲ್ಲಿ ಬೇರೆ ಪಕ್ಷ ಕಟ್ಟಿದರು. ಭಾಷೆ ಒಂದೇ ಆದರೂ ತೋಟದ ಕೂಲಿ ಅನ್ನೋ ಹೆಸರು ಕೀಳಾಗಿಯೇ ಉಳಿಯಿತು.

ಕಾನೂನು ಓದೋ ಗೆಳೆಯರು ಇದನ್ನು ಬರೆದಿಟ್ಟುಕೊಳ್ಳಿ. ಅಲ್ಲಿನ ಸಂವಿಧಾನದ 29ನೇ ಕಲಮಿನಲ್ಲಿ, ಒಂದು ಸಮುದಾಯವನ್ನು ಮಾತ್ರ ಕಟ್ಟಿಹಾಕುವ ಕಾನೂನು ಮಾಡಕೂಡದು ಅಂತ ಇತ್ತು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. 1953ರಲ್ಲಿ ಕಾಯಿದೆ ಸರಿಯಾಗೇ ಇದೆ ಅಂತ ತೀರ್ಪು ಬಂತು. ಯಾಕೆ? ಕಾಯಿದೆಯಲ್ಲಿ ಯಾವ ಸಮುದಾಯದ ಹೆಸರೂ ಇರಲಿಲ್ಲ. ಅಪ್ಪ, ಅಜ್ಜ, ದಾಖಲೆ, ವರಮಾನ, ಇಷ್ಟೇ ಇತ್ತು. ಹೆಸರು ಹೇಳದೇ ಹೊಡೆಯೋ ಕೋಲು ಅದು. ಯಾರ ಬೆನ್ನಿಗೆ ಬೀಳುತ್ತೆ ಅಂತ ಕೋಲು ಹಿಡಿದವನಿಗೂ ಗೊತ್ತಿತ್ತು, ಬೆನ್ನಿಗೂ ಗೊತ್ತಿತ್ತು.

ಇನ್ನೊಂದು ಹೋಲಿಕೆ ನೋಡಿ. 1950ರ ಜನವರಿ 26ಕ್ಕೆ ನಮ್ಮಲ್ಲಿ ಬಾಬಾಸಾಹೇಬರು ಮುಂದೆ ನಿಂತು ಬರೆದ ಸಂವಿಧಾನ ಜಾರಿಗೆ ಬಂತು. 1951-52ರ ಮೊದಲ ಚುನಾವಣೆಯಲ್ಲಿ ನಮ್ಮ ಕೇರಿಗಳ ಅಜ್ಜ ಮುತ್ತಜ್ಜಂದಿರು ಊರಗೌಡರ ಓಟಿನಷ್ಟೇ ತೂಕದ ಓಟು ಹಾಕಿದರು. ಅದೇ 1952ರಲ್ಲಿ ಸಿಲೋನಿನಲ್ಲೂ ಚುನಾವಣೆ ನಡೆಯಿತು. ತೋಟದವರ ಹೆಸರು ಪಟ್ಟಿಯಲ್ಲಿರಲಿಲ್ಲ. 1947ರಲ್ಲಿ ಏಳು ಜನರನ್ನು ಗೆಲ್ಲಿಸಿದವರು ಒಬ್ಬರನ್ನೂ ಕಳಿಸಲಾಗಲಿಲ್ಲ.

ಜನರ ಪಾಲು ಮಾಡಿದ ಒಪ್ಪಂದ

1952ರಲ್ಲಿ ತೊಂಡಮಾನ್ ಮತ್ತು ಸಂಗಡಿಗರು ಕೊಲಂಬೊದಲ್ಲಿ ಸತ್ಯಾಗ್ರಹ ಕೂತರು. ತಿಂಗಳುಗಟ್ಟಲೆ ನಡೆಯಿತು. ಸರಕಾರ ಕರಗಲಿಲ್ಲ. ಪೌರತ್ವಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿ ಬಿದ್ದಿದ್ದವು. ಹತ್ತು ಹನ್ನೆರಡು ವರ್ಷ ಅಲೆದ ಮೇಲೆ ಸಿಕ್ಕಿದ್ದು ಸುಮಾರು 1,34,000 ಜನಕ್ಕೆ.

1956ರ ಹೊತ್ತಿಗೆ ಸಂಘವೂ ಒಡೆಯಿತು. ಅಬ್ದುಲ್ ಅಜೀಜ್ ಬೇರೆ ಸಂಘ ಮಾಡಿದರು. ಓಟಿಲ್ಲದ ಜನ, ಒಡೆದ ಸಂಘ. ಆದರೂ ತೊಂಡಮಾನ್ ಕೈಬಿಡಲಿಲ್ಲ. 1960ರಲ್ಲಿ, 1965ರಲ್ಲಿ ಸರಕಾರದ ನಾಮಕರಣದಿಂದ ಪಾರ್ಲಿಮೆಂಟಿಗೆ ಹೋದರು. ನಾಮಕರಣ ಅಂದರೆ ಬಾಯಿ ಕೊಡುತ್ತಾರೆ, ಬೆನ್ನೆಲುಬು ಕೊಡೋದಿಲ್ಲ. ಕೊಟ್ಟವರು ವಾಪಸು ತಗೋಬಹುದು.

1964ರ ಅಕ್ಟೋಬರ್ 30. ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ, ನಮ್ಮ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಸಹಿ ಹಾಕಿದರು. ದೇಶವಿಲ್ಲದವರು ಒಟ್ಟು 9,75,000 ಅಂತ ಲೆಕ್ಕ. 5,25,000 ಜನ ಭಾರತಕ್ಕೆ, 3,00,000 ಜನ ಸಿಲೋನಿಗೆ, ಉಳಿದ 1,50,000 ಆಮೇಲೆ ನೋಡೋಣ. ಆಮೇಲೆ 1974ರಲ್ಲಿ ಇಂದಿರಾ ಗಾಂಧಿ, ಸಿರಿಮಾವೊ ಕೂತು ಅದನ್ನು ಅರ್ಧ ಅರ್ಧ ಮಾಡಿದರು, 75,000, 75,000. ದವಸ ಅಳೆದು ಹಂಚಿದ ಹಾಗೆ. ಯಾವ ಜನರ ಬಗ್ಗೆ ಒಪ್ಪಂದವೋ ಅವರನ್ನು ಯಾರೂ ಕೇಳಲಿಲ್ಲ. ಅವರ ಸಂಘವನ್ನೂ ಕೇಳಲಿಲ್ಲ. ತೊಂಡಮಾನ್ ಇದನ್ನು ವಿರೋಧಿಸಿದರು. ಇಲ್ಲೇ ಹುಟ್ಟಿ ಇಲ್ಲೇ ದುಡಿದವರಿಗೆ ಇದೇ ದೇಶ ಅನ್ನೋದು ಅವರ ನಿಲುವು.

ಈ ಒಪ್ಪಂದದ ಒಂದು ತುದಿ ನಮ್ಮ ಕರ್ನಾಟಕದಲ್ಲೂ ಇದೆ. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದವರನ್ನು ಮಂಡಪಂ ಶಿಬಿರದಲ್ಲಿ ಇಳಿಸಿದರು. ಅವರ ಹಿರಿಯರನ್ನು ಆ ಕಡೆ ಕಳಿಸುವಾಗ ತಡೆದು ತಪಾಸಣೆ ಮಾಡುತ್ತಿದ್ದದ್ದೂ ಅದೇ ಮಂಡಪಂನಲ್ಲಿ. ಅಲ್ಲಿಂದ ಕೆಲವರು ನೀಲಗಿರಿಯ ಚಹಾ ತೋಟಗಳಿಗೆ, ಕೆಲವರು ಕೇರಳಕ್ಕೆ, ಕೆಲವರು ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ ಕಡೆ ಸರಕಾರದ ರಬ್ಬರ್ ತೋಟಗಳಿಗೆ ಬಂದರು. ಅಲ್ಲಿ ಚಹಾ ಎಲೆ ಕಿತ್ತ ಕೈ ಇಲ್ಲಿ ರಬ್ಬರ್ ಹಾಲು ಇಳಿಸಿತು. ಆ ದೇಶದಲ್ಲಿ ಅವರು ಭಾರತದವರು, ಈ ದೇಶದಲ್ಲಿ ಸಿಲೋನಿನವರು. ಇಲ್ಲಿ ಅವರ ಮಕ್ಕಳು ಜಾತಿ ಸರ್ಟಿಫಿಕೇಟಿಗೆ ಅಲೆದಿದ್ದಾರೆ. ಅವರಲ್ಲಿ ಯಾರಾದರೂ ನಿಮ್ಮ ಹಾಸ್ಟೆಲಿನಲ್ಲಿ ಇದ್ದರೆ, ಅವರ ಅಜ್ಜಿಯ ಕತೆ ಕೇಳಿ. ನಾವು ಹೇಳೋದಕ್ಕಿಂತ ಚೆನ್ನಾಗಿ ಹೇಳುತ್ತಾರೆ.

ಕೈಯಲ್ಲಿ ಉಳಿದಿದ್ದ ಒಂದೇ ಆಯುಧ

ಓಟು ಇಲ್ಲ, ಭೂಮಿ ಇಲ್ಲ, ದೇಶದ ಚೀಟಿ ಇಲ್ಲ. ಇಂಥ ಜನದ ಹತ್ತಿರ ಏನುಳಿದಿತ್ತು? ಕೆಲಸ. ಚಹಾ ಗಿಡ ಕಾಯೋದಿಲ್ಲ. ಎಳೆ ಚಿಗುರನ್ನು ಸರಿಯಾದ ದಿನ ಕೀಳದಿದ್ದರೆ ಬಲಿತು ಕೆಡುತ್ತೆ. ಸಿಲೋನಿನ ವಿದೇಶಿ ಹಣದ ದೊಡ್ಡ ಪಾಲು ಆ ಚಿಗುರಿನಿಂದ ಬರುತ್ತಿತ್ತು. ತೊಂಡಮಾನ್ ತಮ್ಮ ಇಡೀ ರಾಜಕೀಯ ಕಟ್ಟಿದ್ದು ಈ ಒಂದು ಗುಟ್ಟಿನ ಮೇಲೆ.

1972ರಲ್ಲಿ ತೊಂಡಮಾನ್, ಚೆಲ್ವನಾಯಕಂ, ಪೊನ್ನಂಬಲಂ ಒಂದೇ ವೇದಿಕೆಗೆ ಬಂದರು. 1976ರಲ್ಲಿ ಆ ವೇದಿಕೆ ಪ್ರತ್ಯೇಕ ಈಳಂ ಬೇಕು ಅಂದಾಗ ತೊಂಡಮಾನ್ ಜೊತೆಗೆ ಹೋಗಲಿಲ್ಲ. ಕಾರಣ ಸರಳ. ಈಳಂ ಕೇಳಿದ್ದು ಉತ್ತರದಲ್ಲಿ, ಪೂರ್ವದಲ್ಲಿ. ಚಹಾ ತೋಟ ಇರೋದು ನಡುವಿನ ಬೆಟ್ಟದಲ್ಲಿ, ನಾಲ್ಕೂ ಕಡೆ ಸಿಂಹಳ ಹಳ್ಳಿ. ಅಲ್ಲಿ ಯುದ್ಧ ಹೊತ್ತಿದರೆ ಮೊದಲು ಉರಿಯೋದು ಲೈನು ಮನೆ. ನಿಜಕ್ಕೂ 1977, 1981, 1983ರಲ್ಲಿ ಉರಿದವು. ಎಷ್ಟೋ ಜನ ಬೆಟ್ಟ ಬಿಟ್ಟು ವವುನಿಯಾ ಕಡೆ ಓಡಿದರು.

ಎಪ್ಪತ್ತರ ದಶಕದಲ್ಲಿ ತೋಟಗಳನ್ನು ಸರಕಾರ ವಹಿಸಿಕೊಂಡಿತು. ದೊರೆ ಹೋದ, ಸರಕಾರ ಬಂತು, ಹಸಿವು ಹೋಗಲಿಲ್ಲ. 1973-74ರಲ್ಲಿ ತೋಟಗಳಲ್ಲಿ ಜನ ಹಸಿವಿನಿಂದ ಸತ್ತರು. 1977ರಲ್ಲಿ ತೋಟದ ಭೂಮಿ ಹಂಚಿಬಿಡೋದನ್ನು ತಡೆಯೋಕೆ ನಿಂತ ಡೆವೊನ್ ತೋಟದ ಶಿವನು ಲಕ್ಷ್ಮಣನ್ ಪೊಲೀಸ್ ಗುಂಡಿಗೆ ಬಿದ್ದ. ನಾಯಕರ ಹೆಸರು ಹೇಳುವಾಗ ಗೋವಿಂದನ್, ಲಕ್ಷ್ಮಣನ್ ಹೆಸರನ್ನೂ ಹೇಳೋಣ. ಅವರ ಫೋಟೊಗೆ ಹಾರ ಹಾಕೋಕೆ ಯಾವ ಮಂತ್ರಿಯೂ ಬರಲ್ಲ.

ಅದೇ 1977ರ ಜುಲೈ ಚುನಾವಣೆ. ಅಷ್ಟು ಹೊತ್ತಿಗೆ ಪೌರತ್ವ ಸಿಕ್ಕಿದ್ದವರು ಓಟು ಹಾಕಿದರು. ಮೂರು ಸದಸ್ಯರನ್ನು ಆರಿಸುವ ನುವರ ಎಲಿಯಾ-ಮಸ್ಕೆಲಿಯಾ ಕ್ಷೇತ್ರದಿಂದ ತೊಂಡಮಾನ್ ಮೂರನೆಯವರಾಗಿ ಗೆದ್ದರು. ಸರಿಯಾಗಿ ಮೂವತ್ತು ವರ್ಷದ ಮೇಲೆ ತೋಟದ ಓಟು ಪಾರ್ಲಿಮೆಂಟಿನ ಬಾಗಿಲು ದಾಟಿತು. 1978ರಲ್ಲಿ ಜಯವರ್ಧನೆ ಸರಕಾರದಲ್ಲಿ ಗ್ರಾಮೀಣ ಕೈಗಾರಿಕೆ ಮಂತ್ರಿಯಾದರು. ಆ ವರ್ಷದ ಹೊಸ ಸಂವಿಧಾನ, ವಂಶದಿಂದ ಪೌರ, ಅರ್ಜಿಯಿಂದ ಪೌರ ಅನ್ನೋ ಮೇಲು ಕೀಳನ್ನು ತೆಗೆದುಹಾಕಿತು.

ಮಂತ್ರಿಯಾದ ಮೇಲೆ ಸಂಘ ಮೂಲೆಗೆ ಬಿತ್ತಾ? ಇಲ್ಲ. ಇದು ಅಪರೂಪದ ಮಾತು. 1984ರ ಏಪ್ರಿಲ್‌ನಲ್ಲಿ ತೋಟಗಳಲ್ಲಿ ದೊಡ್ಡ ಮುಷ್ಕರ ಆಯಿತು. ಮುಷ್ಕರ ಹೂಡಿದ ಸಂಘದ ಅಧ್ಯಕ್ಷ ತೊಂಡಮಾನ್. ಮುಷ್ಕರ ಯಾರ ವಿರುದ್ಧವೋ ಆ ಸರಕಾರದ ಮಂತ್ರಿಯೂ ತೊಂಡಮಾನ್. ಕೂಲಿ ಏರಿತು. ಅದಕ್ಕಿಂತ ದೊಡ್ಡದು, ಗಂಡಸಿಗೂ ಹೆಂಗಸಿಗೂ ಒಂದೇ ಕೂಲಿ ಆಯಿತು. ಎಲೆ ಕೀಳೋರಲ್ಲಿ ಹೆಚ್ಚಿನವರು ಹೆಂಗಸರು. ತಲೆಮಾರುಗಳಿಂದ ಅವರ ಬೆನ್ನಿನ ಬುಟ್ಟಿಗೆ ಕಡಿಮೆ ಬೆಲೆ ಕಟ್ಟಿದ್ದರು.

ಆಮೇಲೆ 1986ರ ಜನವರಿ. ಪೊಂಗಲ್ ದಿನ ಪ್ರಾರ್ಥನಾ ಚಳವಳಿ ಶುರುವಾಯಿತು. ಮುಷ್ಕರ ಅಂತ ಹೇಳಲಿಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಹನ್ನೆರಡರ ತನಕ ಪ್ರಾರ್ಥನೆ, ಆಮೇಲೆ ಕೆಲಸ. ದೇಶವಿಲ್ಲದವರಿಗೆ ದೇಶ ಕೊಡು ಅಂತ ದೇವರನ್ನು ಬೇಡೋದು. ದೇವರಿಗೆ ಕೇಳಿಸಿತೋ ಇಲ್ಲವೋ, ಗಿಡದ ಚಿಗುರು ಬಲಿಯುತ್ತಾ ಇದ್ದದ್ದು ಮಾತ್ರ ಸರಕಾರಕ್ಕೆ ಕಾಣಿಸಿತು. ಪ್ರಾರ್ಥನೆ ಮಾಡಬೇಡ ಅಂತ ಪೊಲೀಸರನ್ನು ಕಳಿಸೋ ಹಾಗೂ ಇಲ್ಲ. ತಿಂಗಳುಗಟ್ಟಲೆ ಅಂತ ಹೊರಟದ್ದು ಬೇಗನೆ ಮುಗಿಯಿತು, ಸರಕಾರ ಒಪ್ಪಿತು. 1986ರ ಕಾಯಿದೆಯಿಂದ, ಭಾರತಕ್ಕೆ ಹೋಗಬೇಕು ಅಂತ ಪಟ್ಟಿ ಮಾಡಿ ಯಾರೂ ತಗೊಳ್ಳದೇ ಉಳಿದಿದ್ದ 94,000 ಜನಕ್ಕೆ ಪೌರತ್ವ ಬಂತು. 1988ರಲ್ಲಿ ಮತ್ತೊಂದು ಕಾಯಿದೆ ಬಂದು ಬಹುಪಾಲು ಜನರ ಪ್ರಶ್ನೆ ಮುಗಿಯಿತು. ತಾಂತ್ರಿಕವಾಗಿ ಉಳಿದವರಿಗೆ 2003ರ ಕಾಯಿದೆ ಬಂತು. ಅಷ್ಟು ಹೊತ್ತಿಗೆ ತೊಂಡಮಾನ್ ಇರಲಿಲ್ಲ. ಚಂದ್ರಿಕಾ ಕುಮಾರತುಂಗ ಸರಕಾರದಲ್ಲಿ ಮಂತ್ರಿಯಾಗಿದ್ದಾಗ 1999ರ ಅಕ್ಟೋಬರ್ 30ರಂದು ತೀರಿಕೊಂಡಿದ್ದರು. ಜನರನ್ನು ಪಾಲು ಮಾಡಿದ ಒಪ್ಪಂದಕ್ಕೆ ಅವತ್ತಿಗೆ ಸರಿಯಾಗಿ ಮೂವತ್ತೈದು ವರ್ಷ.

ಲೆಕ್ಕದ ಇನ್ನೊಂದು ಕಡೆ

ಇಷ್ಟು ಜಮೆ. ಈಗ ಬಾಕಿ ನೋಡೋಣ.

ಓಟು ಬಂತು, ಮನೆ ಬರಲಿಲ್ಲ. ಬಿಳಿಯರು ಕಟ್ಟಿದ ಲೈನಿನಲ್ಲಿ ಇನ್ನೂ ಎಷ್ಟೋ ಸಂಸಾರಗಳು ಇವೆ. ಕಾಲ ಕೆಳಗಿನ ನೆಲ ತೋಟದ್ದು, ಅವರದಲ್ಲ. ಕೆಲಸ ಬಿಟ್ಟರೆ ಕೋಣೆ ಬಿಡಬೇಕು ಅನ್ನೋ ಭಯ ಹೋಗಿಲ್ಲ. 1992ರಲ್ಲಿ ತೋಟಗಳ ಆಡಳಿತ ಮತ್ತೆ ಕಂಪನಿಗಳ ಕೈಗೆ ಹೋಯಿತು. ದಿನಕ್ಕೆ 1000 ರೂಪಾಯಿ ಕೂಲಿ ಅನ್ನೋ ಬೇಡಿಕೆಗೆ ವರ್ಷಗಟ್ಟಲೆ ಕೂಗಿದ ಮೇಲೆ ಅದು ಕಾನೂನಾದದ್ದು 2021ರಲ್ಲಿ. ಆ ಹೊತ್ತಿಗೆ ಆ ಸಾವಿರಕ್ಕೆ ಬೆಲೆ ಉಳಿದಿರಲಿಲ್ಲ.

ನಾಯಕತ್ವ ಎಲ್ಲಿಗೆ ಹೋಯಿತು? ತೊಂಡಮಾನ್ ಆದ ಮೇಲೆ ಮೊಮ್ಮಗ ಆರುಮುಗಂ ತೊಂಡಮಾನ್. ಅವರು 2020ರಲ್ಲಿ ತೀರಿಕೊಂಡ ಮೇಲೆ ಅವರ ಮಗ ಜೀವನ್ ತೊಂಡಮಾನ್. ಮೂವರೂ ಮಂತ್ರಿಗಳಾದರು. ಬುಟ್ಟಿ ಹೊತ್ತ ಹೆಂಗಸರು ಸಂಘಕ್ಕೆ ಚಂದಾ ಕೊಟ್ಟರು, ಮುಷ್ಕರದಲ್ಲಿ ಮುಂದೆ ನಿಂತರು. ಅವರಲ್ಲೊಬ್ಬಳು ಆ ಕುರ್ಚಿಗೆ ಬರಲಿಲ್ಲ. ಪರೈಯರ, ಪಳ್ಳರ, ಚಕ್ಕಿಲಿಯರ ಕೇರಿಯಿಂದ ಎದ್ದವರು ಆ ಸಂಘದ ತಲೆಯಾಗಲಿಲ್ಲ. ತಮಿಳರು ಅನ್ನೋ ಹೆಸರಲ್ಲಿ, ಕಾರ್ಮಿಕರು ಅನ್ನೋ ಹೆಸರಲ್ಲಿ ಜಾತಿಯ ಮಾತು ಮುಚ್ಚಿಹೋಯಿತು. ಎಲ್ಲರೂ ಒಂದೇ ಅಂತ ಹೇಳುವಾಗ ಯಾರು ಹೇಳುತ್ತಿದ್ದಾರೆ ಅಂತ ನೋಡಬೇಕು. ಕಂಗಾಣಿ ಹೇಳಿದರೆ ಅದಕ್ಕೆ ಒಂದು ಅರ್ಥ, ಕೂಲಿ ಹೇಳಿದರೆ ಇನ್ನೊಂದು ಅರ್ಥ.

ಇನ್ನೊಂದು ವಾದವೂ ಇದೆ. ಯಾವ ಸರಕಾರ ಬಂದರೂ ಅದರ ಜೊತೆ ಸೇರಿದರು ಅಂತ ತೊಂಡಮಾನರನ್ನು ಟೀಕಿಸುತ್ತಾರೆ. 1983ರಲ್ಲಿ ತಮಿಳರ ಮನೆಗಳು ಉರಿದ ಮೇಲೂ ಅದೇ ಸಂಪುಟದಲ್ಲಿ ಕೂತಿದ್ದರು ಅಂತ ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ಸುಲಭವಾಗಿ ತಳ್ಳಿಹಾಕೋದಿಲ್ಲ. ಹೊರಗೆ ಬಂದಿದ್ದರೆ ಮರ್ಯಾದೆ ಉಳೀತಿತ್ತು. ಒಳಗೆ ಉಳಿದದ್ದಕ್ಕೆ 1984, 1986, 1988 ಸಿಕ್ಕಿತು. ಬೆಟ್ಟದ ಮೇಲೆ ಸುತ್ತುವರಿದು ಕೂತ ಜನಕ್ಕೆ ಯಾವುದು ಬೇಕಾಗಿತ್ತು? ನಮ್ಮ ಅಭಿಪ್ರಾಯ, ಅವರಿಗೆ ದೇಶದ ಚೀಟಿ ಬೇಕಾಗಿತ್ತು. ಒಳಗೆ ಕೂತರೂ ಕೈಯಲ್ಲಿ ಮುಷ್ಕರ ಇಟ್ಟುಕೊಂಡಿದ್ದ ಮನುಷ್ಯ ಅದನ್ನು ತಂದುಕೊಟ್ಟರು. ಆದರೆ ಚೀಟಿ ತಂದುಕೊಟ್ಟವರ ಮನೆತನಕ್ಕೆ ಜನ ಮತ್ತೆ ಮುಂಗಡ ತೀರಿಸುತ್ತಾ ಕೂರಬೇಕಾಗಿರಲಿಲ್ಲ.

ನಮಗೆ

ಗೆಳೆಯರೇ, ಈ ಬದುಕಿನಿಂದ ನಾವು ಮೂರು ಮಾತು ತಗೊಳ್ಳೋಣ.

ಒಂದು, ಓಟು ಅನ್ನೋದು ಒಮ್ಮೆ ಬಂದರೆ ಬಂದೇಬಿಟ್ಟಿತು ಅಂತಲ್ಲ. ಅಪ್ಪನ ಹುಟ್ಟಿದ ದಿನ, ಅಜ್ಜನ ಊರು, ಒಂದು ಹಾಳೆ, ಇಷ್ಟರಲ್ಲೇ ಏಳು ಲಕ್ಷ ಜನರ ಓಟು ಹೋಯಿತು. ದಾಖಲೆ ಕೇಳಿ ಕಾನೂನು ಬಂದಾಗ ಮೊದಲು ಬರಿಗೈ ಆಗೋರು ದಾಖಲೆ ಇಲ್ಲದ ಕೇರಿಯವರು, ಗುಳೆ ಹೋದವರು, ಲೈನಿನಲ್ಲಿ ಹೆತ್ತವರು. ಹಾಗಾಗಿ ನೀವು ಓದಿದವರು ನಿಮ್ಮ ಕೇರಿಯ ಮತದಾರರ ಪಟ್ಟಿ ತೆಗೆದು, ಬೆರಳಿಟ್ಟು ಒಂದೊಂದು ಹೆಸರೂ ಓದಿ. ಬಿಟ್ಟುಹೋದದ್ದನ್ನು ಬರೆಸಿ.

ಎರಡು, ಏನೂ ಇಲ್ಲದವರ ಹತ್ತಿರವೂ ದುಡಿಮೆ ಇದೆ. ನಮ್ಮ ಜನ ಒಂದು ದಿನ ಕೈ ಕಟ್ಟಿ ಕೂತರೆ ಯಾವ ಊರಿನ ಯಾವ ಕೆಲಸ ನಿಲ್ಲುತ್ತೆ ಅಂತ ಕೂತು ಲೆಕ್ಕ ಹಾಕಿ. ಆ ಲೆಕ್ಕ ಗೊತ್ತಿಲ್ಲದ ಸಂಘಟನೆ ಬರೀ ಮನವಿಪತ್ರ ಬರೆಯುತ್ತೆ.

ಮೂರು, ನಮ್ಮ ಪರವಾಗಿ ಮಾತಾಡಿದವರಿಗೆ ಋಣಿಯಾಗಿರೋಣ. ಋಣ ಬೇರೆ, ಒಡೆತನ ಬೇರೆ. ಕಂಗಾಣಿಯ ಮಗ ಕೂಲಿಗಳಿಗೆ ಓಟು ಗಳಿಸಿಕೊಟ್ಟಿದ್ದನ್ನು ನಾವು ಗೌರವದಿಂದಲೇ ಹೇಳುತ್ತೇವೆ. ಆದರೆ ಎಲೆ ಕಿತ್ತ ಹೆಂಗಸಿನ ಮಗಳು ಆ ಸಂಘದ ಅಧ್ಯಕ್ಷೆಯಾಗುವ ದಿನ ಇನ್ನೂ ಬಾಕಿ ಇದೆ. ನಮ್ಮ ಸಂಘಗಳಲ್ಲೂ ಅದು ಬಾಕಿ ಇದೆಯಾ, ನೋಡಿ. ಈ ಶಿಬಿರ ಮುಗಿಯೋ ಮುಂಚೆ ಚರ್ಚೆಗೆ ಇದನ್ನೇ ಮೊದಲು ತಗೊಳ್ಳೋಣ. ಹಿಂದಿನ ಸಾಲಿನಲ್ಲಿ ಕೂತಿರೋ ಗೆಳತಿಯರು ಮೊದಲು ಮಾತಾಡಲಿ.